ಅಕ್ಕನ ಊರಿನ ರೇಡಿಯೊ ಹಿಡಿದ ವಾರ

ಚಂಡಮಾರುತದ ಸುದ್ದಿಯನ್ನು ನಾನು ಓದಿದ್ದು ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಐದೇ ಸಾಲು. ಹಿಂದೂ ಮಹಾಸಾಗರದ ಆ ದ್ವೀಪದ ಹೆಸರು ದಾವಣಗೆರೆಯ ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ನಮ್ಮ ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಅಲ್ಲಿನ ದಕ್ಷಿಣ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ನನ್ನ ಅಕ್ಕ ನರ್ಸ್ ಆಗಿದ್ದಳು. ಆ ಐದು ಸಾಲಿನಲ್ಲಿ ದಕ್ಷಿಣ ಕರಾವಳಿ ಎಂಬ ಮಾತು ಎರಡು ಸಲ ಬಂದಿತ್ತು.

ನಾನು ಆಗ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಡಿ.ಟಿ.ಪಿ. ಮಾಡುತ್ತಿದ್ದೆ. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘ ಸಂಸ್ಥೆಗಳ ವರದಿ, ಹೀಗೆ. ಆ ಪುಟವನ್ನು ಮಡಚಿ ಪ್ರೂಫ್ ಹಾಳೆಗಳ ಅಡಿಯಲ್ಲಿ ಸೇರಿಸಿಬಿಟ್ಟೆ. ಅವ್ವ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ದಿನದಂತೆ ಕನ್ನಡಕ ಹಾಕಿಕೊಂಡು ಪತ್ರಿಕೆ ಹಿಡಿದಳು. ಸ್ವಲ್ಪ ಹೊತ್ತಿಗೆ ಕೇಳಿದಳು.

“ನಡುವಿನ ಹಾಳಿ ಎಲ್ಲಿ ಹೋತು?”

“ಪೇಪರ್‌ನವ್ನೇ ಹಾಕಿಲ್ಲ ಕಾಣ್ತೈತೆ.”

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಆಗಲೇ ಹೇಳಿದ್ದೆ. “ಮಧ್ಯಾಹ್ನದೊಳಗ ಬೀದಿಯವ್ರೇ ಯಾರಾದ್ರೂ ಬಂದು ಕೇಳ್ತಾರೆ. ಅವ್ರ ಬಾಯಿಂದ ಗೊತ್ತಾಗೋದಕ್ಕಿಂತ ನೀವೇ ಹೇಳ್ರಿ,” ಎಂದಳು. ಹೇಳಿದೆ. ಅವ್ವ ಅಳಲಿಲ್ಲ. ಪತ್ರಿಕೆಯ ಆ ಪುಟ ಇಸಕೊಂಡು ಓದಿದಳು, ಮಡಚಿ ಇಟ್ಟಳು, ಎದ್ದು ಹೋಗಿ ಫೋನಿನ ಮುಂದಿನ ಕುರ್ಚಿಯಲ್ಲಿ ಕೂತಳು. ಮುಂದಿನ ನಾಲ್ಕು ದಿನ ಅವಳು ಊಟಕ್ಕೆ, ನಿದ್ದೆಗೆ ಬಿಟ್ಟರೆ ಆ ಕುರ್ಚಿಯಿಂದ ಎದ್ದದ್ದು ಕಡಿಮೆ.

ಬೂತ್‌ಗೆ ಹೋಗಿ ಆಸ್ಪತ್ರೆಯ ನಂಬರ್‌ಗೆ ಎಷ್ಟು ಸಲ ಹಚ್ಚಿದರೂ ಒಂದೇ ಉದ್ದನೆಯ ಸದ್ದು. ಅಕ್ಕನಿಗೆ ವಾರಕ್ಕೊಮ್ಮೆ ಇ-ಮೇಲ್ ಬರೆಯಬೇಕೆಂದೇ ನಾನು ಕಂಪ್ಯೂಟರಿಗೆ ಮಾಡೆಮ್ ಹಾಕಿಸಿದ್ದೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುತ್ತಿದ್ದೆ, ಅವಳು ಹಾಗೆಯೇ ಉತ್ತರ ಬರೆಯುತ್ತಿದ್ದಳು. ಅವತ್ತು ಎರಡು ಪತ್ರ ಕಳಿಸಿದೆ. ಎರಡೂ ತಲುಪಿಲ್ಲ ಎಂಬ ಸೂಚನೆ ಹೊತ್ತು ವಾಪಸ್ ಬಂದವು.

ಮರುದಿನ, ಅಂದರೆ ಬುಧವಾರ, ಅಕ್ಕನನ್ನು ಆ ಕೆಲಸಕ್ಕೆ ಕಳಿಸಿದ್ದ ಮಂಗಳೂರಿನ ಏಜೆಂಟ್ ಫೋನಿಗೆ ಸಿಕ್ಕರು. ಅವರಿಗೂ ಏನೂ ಗೊತ್ತಿರಲಿಲ್ಲ. ಆದರೆ ಒಂದು ವಿಷಯ ಹೇಳಿದರು. ದ್ವೀಪದ ಉತ್ತರದಲ್ಲಿರುವ ರಾಜಧಾನಿಗೆ ಅಷ್ಟು ಏಟು ಬಿದ್ದಿಲ್ಲ. ಅಲ್ಲಿನ ರೇಡಿಯೊದವರು ಹಗಲೆಲ್ಲ ಕ್ಷೇಮವಾಗಿರುವವರ ಹೆಸರು ಓದುತ್ತಿದ್ದಾರೆ. ಅದೇ ರೇಡಿಯೊ ಇಂಟರ್ನೆಟ್‌ನಲ್ಲೂ ಕೇಳಿಸುತ್ತದಂತೆ. ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ ವಿಳಾಸವನ್ನು ನಾನು ಒಂದು ಲಗ್ನಪತ್ರಿಕೆಯ ಹಿಂದೆ ಬರೆದುಕೊಂಡೆ.

ಬರೆದುಕೊಂಡ ಮೇಲೆ ನನ್ನ ಕಂಪ್ಯೂಟರ್ ಎಂಥದ್ದು ಎಂಬುದು ನೆನಪಾಯಿತು. ಅದು ಮೂಕ ಯಂತ್ರ. ಅಕ್ಷರ ಜೋಡಿಸುವವನಿಗೆ ಶಬ್ದ ಯಾಕೆ ಬೇಕು ಎಂದು ಸೌಂಡ್ ಕಾರ್ಡ್ ಹಾಕಿಸಿರಲಿಲ್ಲ, ಸ್ಪೀಕರ್ ಇರಲಿಲ್ಲ. ಇಂಟರ್ನೆಟ್ ಖಾತೆಯೂ ಕೆಳದರ್ಜೆಯದು, ಪರದೆಯ ಮೇಲೆ ಬರೀ ಅಕ್ಷರ ಬರುತ್ತಿತ್ತು. ಚಿತ್ರ, ಹಾಡು, ರೇಡಿಯೊ ಯಾವುದೂ ಅದರಲ್ಲಿ ಬರುವ ಹಾಗಿರಲಿಲ್ಲ.

ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಒಬ್ಬರು ಮಕ್ಕಳ ಡಾಕ್ಟರು ಇದ್ದರು. ಅಕ್ಕ ದೇಶ ಬಿಡುವ ಮೊದಲು ಅವರ ನರ್ಸಿಂಗ್ ಹೋಮಿನಲ್ಲೇ ಕೆಲಸ ಮಾಡುತ್ತಿದ್ದಳು. ಚಿತ್ರವೂ ಬರುವಂಥ ದೊಡ್ಡ ಖಾತೆ ಅವರ ಹತ್ತಿರ ಇತ್ತು. ರೋಗಿಗಳ ಸಾಲು ದಾಟಿ ಒಳಗೆ ಹೋಗಿ ಕೇಳಿದೆ. ಅವರು ಔಷಧಿ ಚೀಟಿಯ ಮೇಲೆ ತಮ್ಮ ಖಾತೆಯ ಗುಟ್ಟಿನ ಪದವನ್ನು ಬರೆದು ಕೈಗೆ ಕೊಟ್ಟರು. “ಎಷ್ಟ್ ದಿನ ಬೇಕಾದ್ರೂ ಬಳಸ್ರಿ. ಏನ್ ಗೊತ್ತಾದ್ರೂ ನನಗೂ ಒಂದ್ ಮಾತು ಹೇಳ್ರಿ,” ಎಂದರು. ಅಲ್ಲಿಂದ ಸ್ಕೂಟರಿನಲ್ಲಿ ನನಗೆ ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಗೆ ಹೋಗಿ ಒಂದು ಸೌಂಡ್ ಕಾರ್ಡ್, ಎರಡು ಸಣ್ಣ ಸ್ಪೀಕರ್ ತಂದೆ.

ಕಾರ್ಡ್ ಕೂರಿಸಿದೆ. ಕಂಪ್ಯೂಟರ್ ಶುರುವಾಯಿತು, ಶಬ್ದ ಬರಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಅದುವರೆಗೆ ಸರಿಯಾಗಿದ್ದ ಮಾಡೆಮ್ ಕೂಡ ಸತ್ತು ಕೂತಿತು. ಈಗ ಇ-ಮೇಲೂ ಇಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ, ಎರಡೂ ಕಾರ್ಡ್ ಒಂದೇ ನಂಬರಿಗೆ ಜಗಳ ಆಡುತ್ತಿವೆ, ಒಂದಕ್ಕೆ ಬೇರೆ ನಂಬರ್ ಕೊಡಬೇಕು ಎಂದ. ಹೇಗೆ ಎಂದು ಹೇಳಿಕೊಟ್ಟ. ಕಾರ್ಡಿನ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಒಂದು ಕೊಂಡಿ, ಅದನ್ನು ಕಿತ್ತು ಪಕ್ಕದ ಕಡ್ಡಿಗಳಿಗೆ ಸಿಕ್ಕಿಸಬೇಕಿತ್ತು. ನನ್ನ ಹೆಂಡತಿ ಟಾರ್ಚ್ ಹಿಡಿದಳು. ಕೊಂಡಿ ಎರಡು ಸಲ ಕೆಳಗೆ ಬಿತ್ತು, ಎರಡು ಸಲವೂ ಅವಳೇ ಹುಡುಕಿ ಕೊಟ್ಟಳು. ಸಂಜೆಗೆ ಮಾಡೆಮ್ ಜೀವ ಹಿಡಿಯಿತು. ಶಬ್ದ ಮಾತ್ರ ಬರಲಿಲ್ಲ.

ರೇಡಿಯೊ ಕೇಳಿಸುವ ಪ್ರೋಗ್ರಾಮನ್ನು ಇಂಟರ್ನೆಟ್‌ನಿಂದಲೇ ಇಳಿಸಿಕೊಳ್ಳಬೇಕಿತ್ತು. ಅದಕ್ಕೆ ಎರಡು ತಾಸು ಬೇಕು ಎಂದು ಪರದೆ ಹೇಳಿತು. ಮುಕ್ಕಾಲು ಮುಗಿದಿತ್ತು, ಇದ್ದಕ್ಕಿದ್ದಂತೆ ಸಂಪರ್ಕ ಕಡಿದುಹೋಯಿತು. ನಡುಮನೆಗೆ ಹೋಗಿ ನೋಡಿದರೆ ಅವ್ವ ರಿಸೀವರ್ ಕಿವಿಗೆ ಹಿಡಿದು ಕೂತಿದ್ದಳು.

“ಯಾಕವ್ವಾ ಎತ್ತಿದೆ? ಎಲ್ಲಾ ಕಟ್ಟಾತು ನೋಡು.”

“ಫೋನು ಸರಿ ಐತೋ ಇಲ್ಲೋ ನೋಡಿದೆ. ಇದರಾಗ ಬರೀ ಕರಕರ ಅಂತೈತೆ. ಆಕಿ ಈಗ ಫೋನ್ ಮಾಡಿದ್ರೆ ಹೆಂಗ್ ಬರ್ತೈತೆ?”

ಇದ್ದದ್ದು ಒಂದೇ ಲೈನು. ನಾನು ಅಕ್ಕನನ್ನು ಹುಡುಕಿಕೊಂಡು ಅದರಲ್ಲಿ ಹೋಗುವಷ್ಟು ಹೊತ್ತು ಅಕ್ಕ ನಮ್ಮನ್ನು ಹುಡುಕಿದರೆ ಎಂಗೇಜ್ ಸದ್ದು ಕೇಳಿಸುತ್ತಿತ್ತು. ಎಲ್ಲೋ ಒಂದು ಕೆಲಸ ಮಾಡುವ ಫೋನಿನ ಮುಂದೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ನಮ್ಮ ನಂಬರ್ ಒತ್ತಿ, ಎಂಗೇಜ್ ಕೇಳಿ, ಹಿಂದೆ ನಿಂತವರಿಗೆ ಜಾಗ ಬಿಟ್ಟುಕೊಡುವ ಅಕ್ಕ ನನ್ನ ಕಣ್ಣ ಮುಂದೆ ಬಂದುಬಿಟ್ಟಳು. ಕೊನೆಗೆ ಹೆಂಡತಿ ಒಂದು ನಿಯಮ ಮಾಡಿದಳು. ಅರ್ಧ ತಾಸು ಕಂಪ್ಯೂಟರಿಗೆ, ಅರ್ಧ ತಾಸು ಫೋನಿಗೆ. ಗಡಿಯಾರ ನೋಡುವ ಕೆಲಸ ಅವ್ವನಿಗೆ. ಅರ್ಧರ್ಧ ತಾಸಿನಲ್ಲಿ ಅಷ್ಟು ದೊಡ್ಡ ಪ್ರೋಗ್ರಾಮ್ ಇಳಿಯುವುದಿಲ್ಲವೆಂದು ಗೊತ್ತಾದಾಗ ಡಾಕ್ಟರೇ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಇಳಿಸಿ, ಏಳೆಂಟು ಫ್ಲಾಪಿಗಳಿಗೆ ತುಂಬಿ ಕೊಟ್ಟರು.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನ ಸದ್ದಾಯಿತು. ಹೊರಗೆ ನಿಂತಿದ್ದವರು ಹರಿಹರದ ಮಾವ, ಅಕ್ಕನ ಗಂಡನ ತಂದೆ.

ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿ ಮೂರು ವರ್ಷವಾಗಿತ್ತು. ಭಾವ ಲಾರಿ ಅಪಘಾತದಲ್ಲಿ ತೀರಿಕೊಂಡಾಗ ಅಕ್ಕನಿಗೆ ಮೂವತ್ತೊಂದು ವರ್ಷ, ಮಕ್ಕಳಿರಲಿಲ್ಲ. ಒಂದೂವರೆ ವರ್ಷ ಹರಿಹರದಲ್ಲೇ ಅತ್ತೆ ಮಾವನ ಜೊತೆ ಇದ್ದಳು. ಅತ್ತೆಯೂ ತೀರಿಕೊಂಡ ಮೇಲೆ ದ್ವೀಪದ ಕೆಲಸದ ಮಾತು ಬಂತು. ಒಬ್ಬನೇ ಮಗ ಹೋಗಿದ್ದಾನೆ, ಹೆಂಡತಿ ಹೋಗಿದ್ದಾಳೆ, ಈಗ ಸೊಸೆಯೂ ಸಮುದ್ರ ದಾಟುತ್ತೇನೆ ಎನ್ನುತ್ತಾಳೆ. “ಹೋಗೋದಾದ್ರೆ ಹೋಗು. ಮತ್ತೆ ಈ ಮನಿಗೆ ಬರಬ್ಯಾಡ,” ಎಂದು ಮಾವ ಹೇಳಿದ್ದರು. ಅಕ್ಕ ಹೋದಳು. ಅಂದಿನಿಂದ ಎರಡೂ ಮನೆಗೆ ಮಾತಿರಲಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಅವರು ಊಟದ ಸಾಲು ಬದಲಿಸಿ ಕೂರುತ್ತಿದ್ದರು.

“ಬರ್ರಿ ಬೀಗ್ರೆ, ಕೂಡ್ರಿ,” ಎಂದಳು ಅವ್ವ, ಕುರ್ಚಿಯಿಂದ ಏಳದೆ.

ಮಾವ ಕೂರಲಿಲ್ಲ. ಅವರ ಕೈಯಲ್ಲಿ ಒಂದು ಬಟ್ಟೆಯ ಚೀಲ ಇತ್ತು. ನನ್ನ ಕಡೆ ತಿರುಗಿ, “ತಮ್ಮಾ, ಇಂಟರ್ನೆಟ್‌ನಾಗ ಆ ಊರಿನ ರೇಡಿಯೋ ಬರ್ತೈತಂತಲ್ಲ, ಖರೇನಾ?” ಎಂದು ಕೇಳಿದರು. ಡಾಕ್ಟರ ಕಾಂಪೌಂಡರ್ ಹರಿಹರದವನು. ಅವನಿಂದ ಸುದ್ದಿ ಹೋಗಿತ್ತು.

“ಬರ್ತೈತಂತೆ ಮಾವಾ. ಆದ್ರೆ ಶಬ್ದಾನೇ ಬರವಲ್ದು.”

“ಎಲ್ಲೈತೆ ತೋರ್ಸು.”

ಮಾವ ನಲವತ್ತು ವರ್ಷ ಹರಿಹರದಲ್ಲಿ ರೇಡಿಯೊ ರಿಪೇರಿ ಮಾಡಿದವರು. ಟಿ.ವಿ. ಬಂದ ಮೇಲೂ ಟಿ.ವಿ. ಮುಟ್ಟದೆ, ಗಿರಾಕಿ ನಿಂತ ಮೇಲೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತವರು. ಕಂಪ್ಯೂಟರಿನ ಮುಂದೆ ಕೂತು ಅವರು ಪರದೆಯನ್ನು ನೋಡಲೇ ಇಲ್ಲ. ಚೀಲದಿಂದ ಮೀಟರ್, ಬೆಸುಗೆ ಕಡ್ಡಿ, ಒಂದು ಡಬ್ಬಿ ತೆಗೆದಿಟ್ಟರು. ಸ್ಪೀಕರಿನ ವೈರನ್ನು ಕಂಪ್ಯೂಟರಿನಿಂದ ಕಿತ್ತು ಅದರ ಪಿನ್ನಿನ ತುದಿಗೆ ಬೆರಳು ಮುಟ್ಟಿಸಿದರು. ಸ್ಪೀಕರ್ ಒಳಗೆ ಗುಂಯ್ ಎಂದಿತು. ಪಿನ್ನಿನ ಬುಡವನ್ನು ಸ್ವಲ್ಪ ಬಾಗಿಸಿದರು. ಸದ್ದು ನಿಂತಿತು. ನೆಟ್ಟಗೆ ಮಾಡಿದರು, ಮತ್ತೆ ಬಂತು.

“ಇಲ್ಲೊಂದು ಐತೆ. ಒಳಗ ತಂತಿ ಮುರದೈತೆ. ಹೊಸಾದಂತ ನಂಬಬಾರ್ದು,” ಎಂದರು.

ಪಿನ್ ಬಿಚ್ಚಿ ಬೆಸುಗೆ ಹಾಕಿದರು. ನಮ್ಮ ಕೋಣೆಯಲ್ಲಿ ಬೆಸುಗೆಯ ಹೊಗೆ ತುಂಬಿತು. ಮತ್ತೆ ಸಿಕ್ಕಿಸಿದಾಗಲೂ ಶಬ್ದ ಬರಲಿಲ್ಲ. ನನಗೆ ಅಳು ಬರುವಂತಾಯಿತು. ಮಾವನಿಗೆ ಏನೂ ಆಗಿರಲಿಲ್ಲ. “ಶಬ್ದ ಎಲ್ಲಿ ತನಕ ಬಂದು ನಿಂತೈತೆ ಅಂತ ಹಿಂದಿಂದ ನೋಡ್ಕೋತ ಹೋಗಬೇಕು. ಸ್ಪೀಕರ್ ಸರಿ, ವೈರ್ ಸರಿ. ಇನ್ನ ಒಳಗಿಂದು ನಿನ್ನ ಪಾಲಿಂದು. ಅದರಾಗ ಶಬ್ದ ಹೆಚ್ಚು ಕಡಿಮಿ ಮಾಡೋದು ಎಲ್ಲೈತೆ?”

ನಾನು ಪರದೆಯ ಮೂಲೆಯಲ್ಲಿದ್ದ ಸಣ್ಣ ಸ್ಪೀಕರಿನ ಚಿತ್ರ ಒತ್ತಿದೆ. ಉದ್ದುದ್ದ ಪಟ್ಟಿಗಳು ಬಂದವು. ಅವುಗಳ ಕೆಳಗೆ ಸಣ್ಣ ಚೌಕಗಳು. ಒಂದರಲ್ಲಿ ಗುರುತು ಬಿದ್ದಿತ್ತು, ಅದರ ಅರ್ಥ ಬಾಯಿ ಮುಚ್ಚು ಎಂದು. ಆ ಗುರುತು ತೆಗೆದು ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಅದು ಮೊಟ್ಟಮೊದಲ ಬಾರಿಗೆ ತನ್ನ ಆರಂಭದ ಸ್ವರ ನುಡಿಯಿತು. ನಡುಮನೆಯಿಂದ ಅವ್ವ, “ಫೋನೇನು?” ಎಂದು ಕೂಗಿದಳು.

ರೇಡಿಯೊ ಹಿಡಿದದ್ದು ಆ ಮಧ್ಯಾಹ್ನ. ಹಿಡಿದದ್ದು ಎಂದರೆ ದೊಡ್ಡ ಮಾತು. ಮೊದಲು ಪರದೆಯ ಮೇಲೆ ಅಂಕಿಗಳು ನೂರರ ಕಡೆ ಏರುತ್ತಿದ್ದವು. ನೂರು ಮುಟ್ಟಿದಾಗ ಮೂರು ನಾಲ್ಕು ಸೆಕೆಂಡ್ ಒಬ್ಬ ಹೆಂಗಸಿನ ದನಿ, ನೀರಿನೊಳಗಿಂದ ಮಾತಾಡಿದ ಹಾಗೆ. ಮತ್ತೆ ನಿಶ್ಶಬ್ದ, ಮತ್ತೆ ಅಂಕಿಗಳು. ಮೊದಲು ನಮಗೆ ಗೊತ್ತಿಲ್ಲದ ಭಾಷೆ, ಆಮೇಲೆ ಇಂಗ್ಲಿಷ್. ಹೆಸರುಗಳು ಬರುತ್ತಿದ್ದದ್ದು ನಿಜ. ಒಂದು ಹೆಸರಿನ ತಲೆ ಸಿಕ್ಕರೆ ಇನ್ನೊಂದು ಹೆಸರಿನ ಬಾಲ ಸಿಗುತ್ತಿತ್ತು.

ಮಾವ ಹೊರಗೆ ಹೋಗಿ ಫೋನಿನ ವೈರನ್ನು ಕಂಬದಿಂದ ಮನೆಯವರೆಗೆ ಕಣ್ಣಲ್ಲೇ ಅಳೆದರು. ಕಿಟಕಿಯ ಮೇಲೆ ಗಂಟು ಹಾಕಿದ್ದ ಜಾಗದಲ್ಲಿ ತಾಮ್ರ ಹಸಿರಾಗಿತ್ತು. ಬ್ಲೇಡಿನಿಂದ ಕೆರೆದು, ಹೊಸದಾಗಿ ಹೊಸೆದು, ಟೇಪ್ ಸುತ್ತಿದರು. ನಡುಮನೆಯ ಫೋನನ್ನು ರೇಡಿಯೊ ಕೇಳುವಷ್ಟು ಹೊತ್ತು ಬಿಚ್ಚಿಡಲು ಹೇಳಿದರು. ಆಗ ಅವ್ವ ಬಿಚ್ಚಿದ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನಾನು ಕಂಪ್ಯೂಟರಿನಲ್ಲಿ ತೆರೆದಿದ್ದ ಮಿಕ್ಕೆಲ್ಲವನ್ನೂ ಮುಚ್ಚಿ, ರೇಡಿಯೊದಲ್ಲಿ ನಿಧಾನ ಲೈನಿನವರಿಗೆಂದು ಇದ್ದ ಕಡಿಮೆ ಗುಣಮಟ್ಟದ ಶಬ್ದ ಆರಿಸಿಕೊಂಡೆ. ಮೂರು ನಾಲ್ಕು ಸೆಕೆಂಡ್ ಇದ್ದದ್ದು ಅರ್ಧ ನಿಮಿಷಕ್ಕೆ ಬಂತು, ಕೆಲವೊಮ್ಮೆ ಒಂದು ನಿಮಿಷಕ್ಕೆ.

ಶುಕ್ರವಾರ ಮೊದಲ ಬಸ್ಸಿಗೇ ಮಾವ ಮತ್ತೆ ಬಂದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಿವಿಯನ್ನು ಸ್ಪೀಕರಿಗೆ ಹತ್ತಿಸಿ, ಕಣ್ಣು ಮುಚ್ಚಿ, ಸೊಸೆಯ ಹೆಸರೊಂದನ್ನೇ ಕಾಯುತ್ತಿದ್ದರು. ಊಟದ ಹೊತ್ತಿಗೆ ಸುದ್ದಿ ಓದುವವಳು ದಕ್ಷಿಣ ಕರಾವಳಿಯ ಆಸ್ಪತ್ರೆಯ ಹೆಸರು ಹೇಳಿದಳು. ನಾನು ಪೆನ್ನು ಹಿಡಿದೆ. ಆಸ್ಪತ್ರೆಯ ಒಂದು ಭಾಗ ಕುಸಿದಿದೆ ಎಂದಳು. ಇಬ್ಬರು ನರ್ಸ್‌ಗಳು ಎಂದಳು.

ಅಲ್ಲಿಗೆ ಶಬ್ದ ನಿಂತಿತು.

ಅಂಕಿಗಳು ಏರತೊಡಗಿದವು. ಹನ್ನೆರಡು, ಹದಿನೆಂಟು, ಮೂವತ್ತೊಂದು. ಅಲ್ಲೇ ನಿಂತವು. ಆಮೇಲೆ ಸಂಪರ್ಕವೇ ಕಡಿಯಿತು. ಮತ್ತೆ ಹಚ್ಚಿ, ಮಾಡೆಮಿನ ಕೀರಲು ಮುಗಿದು, ರೇಡಿಯೊ ಬರುವ ಹೊತ್ತಿಗೆ ಅಲ್ಲಿ ಬೇರೆ ಊರಿನ ಕುಡಿಯುವ ನೀರಿನ ಮಾತು ನಡೆದಿತ್ತು.

“ಏನಂದ್ಲು?” ಮಾವ ಕೇಳಿದರು.

“ಆಸ್ಪತ್ರಿ ಒಂದ್ ಕಡೆ ಬಿದ್ದೈತಂತೆ.”

“ಆಮ್ಯಾಲೆ?”

“ಕಟ್ಟಾತು ಮಾವಾ.”

ಇಬ್ಬರು ನರ್ಸ್‌ಗಳ ವಿಷಯ ನಾನು ಹೇಳಲಿಲ್ಲ. ಆದರೆ ನರ್ಸ್ ಎಂಬ ಪದ ತಿಳಿಯಲು ಇಂಗ್ಲಿಷ್ ಬರಬೇಕಾಗಿರಲಿಲ್ಲ. ಅವರು ನನ್ನನ್ನು ಒಂದು ಕ್ಷಣ ನೋಡಿ ಕಣ್ಣು ಬೇರೆ ಕಡೆ ಮಾಡಿದರು. ಆ ದಿನ ಉಳಿದ ಹೊತ್ತೆಲ್ಲ ಕೇಳಿದರೂ ಆ ಮಾತು ಮತ್ತೆ ಬರಲಿಲ್ಲ. ಮಂಡಕ್ಕಿ ಒಗ್ಗರಣೆ ಮಾಡಿ ಹೆಂಡತಿ ತಂದಿಟ್ಟ ತಟ್ಟೆಗಳು ಹಾಗೇ ಮೆತ್ತಗಾದವು.

ಶನಿವಾರ ಬೆಳಿಗ್ಗೆ ಫೋನ್ ಎತ್ತಿದರೆ ಸದ್ದೇ ಇಲ್ಲ. ನಮ್ಮದಷ್ಟೇ ಅಲ್ಲ, ಇಡೀ ಬೀದಿಯದು. ನೀರಿನ ಪೈಪಿಗಾಗಿ ತಿರುವಿನಲ್ಲಿ ಅಗೆದವರು ಕೇಬಲ್ ತುಂಡು ಮಾಡಿದ್ದರು. ಸರಿಯಾಗಲು ನಾಲ್ಕೈದು ದಿನ ಆಗಬಹುದು ಎಂದರು. ಅಕ್ಕನ ಫೋನೂ ಬರುವಂತಿಲ್ಲ, ರೇಡಿಯೊವೂ ಇಲ್ಲ. ಅವ್ವ ಕುರ್ಚಿ ಬಿಟ್ಟು ಎದ್ದು ಹಿತ್ತಲಿಗೆ ಹೋಗಿ ನಿಂತಳು. ಡಾಕ್ಟರ ಮನೆಗೆ ಹೋಗೋಣವೆಂದರೆ ಅಲ್ಲಿ ಫೋನು ರೋಗಿಗಳಿಗೆ ಬೇಕು, ತಾಸುಗಟ್ಟಲೆ ಹಿಡಿದಿಡುವಂತಿಲ್ಲ. ಅಷ್ಟರಲ್ಲಿ ಮಾವ ಬಂದರು. ವಿಷಯ ಕೇಳಿ, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು.

“ನಮ್ಮನ್ಯಾಗ ಫೋನು ಐತಲ್ಲ. ಇದನ್ನ ಅಲ್ಲಿಗೇ ಒಯ್ಯೋಣ.”

ಗೂಡ್ಸ್ ಟೆಂಪೊ ಒಂದನ್ನು ಹಿಡಿದು, ಮಾನಿಟರನ್ನು ಹಾಸಿಗೆಯಲ್ಲಿ ಸುತ್ತಿ, ಹರಿಹರಕ್ಕೆ ಹೊರಟೆವು. ರಸ್ತೆಯ ಪ್ರತಿ ಗುಂಡಿಗೂ ಮಾವ ಹಿಂದೆ ಕೂತು ಮಾನಿಟರನ್ನು ತಬ್ಬಿ ಹಿಡಿಯುತ್ತಿದ್ದರು. ನಾನು ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಮಾವ ಬೆಸೆದ ತಂತಿ, ನಾನು ಸಿಕ್ಕಿಸಿದ ಕೊಂಡಿ ಎಲ್ಲ ಅಲುಗಾಡಿ ಕಿತ್ತುಬರುತ್ತವೆಂದು ಲೆಕ್ಕ ಹಾಕುತ್ತಿದ್ದೆ.

ಆ ಮನೆಗೆ ನಾನೂ ಮೂರು ವರ್ಷದಿಂದ ಹೋಗಿರಲಿಲ್ಲ. ಫೋನು ಇದ್ದದ್ದು ಮುಂದಿನ ಅಂಗಡಿಯ ಕೋಣೆಯಲ್ಲಿ. ಹಲಗೆಗಳ ಮೇಲೆ ಯಾರೂ ಒಯ್ಯಲು ಬಾರದ ರೇಡಿಯೊಗಳು ಸಾಲಾಗಿದ್ದವು. ಮೇಜಿನ ಮೇಲೆ ಒಂದು ಮಾತ್ರ ಧೂಳಿಲ್ಲದ, ದೊಡ್ಡ ಶಾರ್ಟ್‌ವೇವ್ ಸೆಟ್. ಅದರಿಂದ ಹೊರಟ ವೈರ್ ಕಿಟಕಿಯ ಮೂಲಕ ಮಾಳಿಗೆ ಹತ್ತಿತ್ತು. ಸೆಟ್ಟಿನ ಮೇಲಿನ ಗೋಡೆಗೆ ಅಂಟಿಸಿದ್ದ ನೀಲಿ ಕಾಗದದಲ್ಲಿ ಅಕ್ಕನ ಅಕ್ಷರ ಗುರುತು ಹತ್ತಿತು. ಆ ದ್ವೀಪದ ರೇಡಿಯೊ ಯಾವ ಯಾವ ಮೀಟರ್ ಬ್ಯಾಂಡಿನಲ್ಲಿ ಯಾವ ಹೊತ್ತಿಗೆ ಬರುತ್ತದೆ ಎಂದು ಬರೆದು, ಕೆಳಗೆ ‘ಮಾವಾರೆ, ನೀವು ಹಿಡಿದರೂ ಹಿಡಿಯಬಹುದು’ ಎಂದಿತ್ತು.

ನಾನು ಅದನ್ನು ಓದುತ್ತಿದ್ದುದನ್ನು ಮಾವ ನೋಡಿದರು.

“ಹೋದ ವರ್ಷಾನೇ ಬರೆದಿದ್ಲು. ಅವತ್ತಿಂದ ದಿನಾ ತಿರುವ್ತೀನಿ. ಏರಿಯಲ್ ಎರಡು ಸಲ ಬದ್ಲು ಮಾಡ್ದೆ. ಒಂದ್ ದಿನಾನೂ ಸಿಗಲಿಲ್ಲ,” ಎಂದರು.

“ಉತ್ತರ ಬರೆದ್ರೇನು ಮಾವಾ?”

“ಸಿಕ್ಕ ಮ್ಯಾಲೆ ಬರ್ಯೋಣ ಅಂತಿದ್ದೆ.”

ಒಂದೊಂದೇ ವೈರ್ ನೋಡಿ ಕಂಪ್ಯೂಟರ್ ಜೋಡಿಸಿದೆ. ಎಲ್ಲ ಒಂದೇ ಸಲಕ್ಕೆ ಕೆಲಸ ಮಾಡಿತು. ಹರಿಹರದ ಲೈನು ನಮ್ಮದಕ್ಕಿಂತ ಸ್ವಚ್ಛವಾಗಿತ್ತು. ರೇಡಿಯೊ ಒಂದೇ ಸಮನೆ ಐದು ನಿಮಿಷ, ಹತ್ತು ನಿಮಿಷ ನಿಲ್ಲದೆ ಬಂತು. ಮೂರು ಗಂಟೆಯ ಸುಮಾರಿಗೆ ದಕ್ಷಿಣ ಕರಾವಳಿಯ ಪಟ್ಟಿ ಶುರುವಾಯಿತು. ಆಸ್ಪತ್ರೆಯವರನ್ನು ಒಂದು ಶಾಲೆಗೆ ಸಾಗಿಸಿದ್ದಾರೆ, ಅಲ್ಲಿ ಕ್ಷೇಮವಾಗಿರುವ ಸಿಬ್ಬಂದಿ ಹೀಗಿದ್ದಾರೆ ಎಂದು ಓದತೊಡಗಿದಳು. ಡಾಕ್ಟರುಗಳು ಮುಗಿದರು. ನರ್ಸ್‌ಗಳು ಬಂದರು. ಐದನೆಯದೋ ಆರನೆಯದೋ ಹೆಸರು ಅಕ್ಕನದು. ಹೆಸರಿಗೆ ಮೊದಲು ಒಂದು ಇನಿಷಿಯಲ್ ಇತ್ತು, ಅದು ಗೊರಗೊರದಲ್ಲಿ ಹೋಯಿತು. ಹೆಸರು ಮಾತ್ರ ಸ್ಪಷ್ಟವಾಗಿ, ಕೊನೆಯ ಅಕ್ಷರವನ್ನು ಎಳೆದು, ಆಮೇಲೆ ಇಂಡಿಯಾ ಎಂದು.

ಮಾವ ಕಣ್ಣು ತೆರೆದರು. “ಬಂತು,” ಎಂದರು.

“ಬಂತು ಮಾವಾ. ಇನಿಷಿಯಲ್ ಕೇಳ್ಸಲಿಲ್ಲ.”

“ಹೆಸ್ರು ಬಂತಲ್ಲ. ಹೋಗು, ನಿಮ್ಮವ್ವಗೆ ಹೇಳು.”

ಫೋನ್ ಮಾಡಿ ಹೇಳೋಣವೆಂದರೆ ನಮ್ಮ ಬೀದಿಯೇ ಸತ್ತಿತ್ತು. ಬಸ್ ಹತ್ತಿದೆ. ಬಸ್ಸಿನಲ್ಲಿ ನಿಂತುಕೊಂಡೇ ಆ ಗೊರಗೊರವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡೆ. ಅದು ಅಕ್ಕನ ಇನಿಷಿಯಲ್ ಎಂದುಕೊಂಡು ಕೇಳಿದರೆ ಹಾಗೇ ಕೇಳುತ್ತಿತ್ತು. ಬೇರೆ ಯಾವ ಅಕ್ಷರ ಅಂದುಕೊಂಡರೂ ಹಾಗೆಯೇ ಕೇಳುತ್ತಿತ್ತು. ಮನೆ ಮುಟ್ಟುವ ಹೊತ್ತಿಗೆ ಕೇಳಿದ್ದು ಯಾವುದು, ಅಂದುಕೊಂಡದ್ದು ಯಾವುದು ಎಂಬುದೇ ತಿಳಿಯದಾಗಿತ್ತು.

“ನಿನ್ನ ಕಿವೀಲೇ ಕೇಳ್ದ್ಯಾ?” ಅವ್ವ ಕೇಳಿದಳು.

“ಕೇಳ್ದೆ.”

“ಬೀಗ್ರೂ ಕೇಳಿದ್ರಾ?”

“ಅವರೂ ಕೇಳಿದ್ರು.”

ಅವ್ವ ಅವತ್ತು ಹೊಟ್ಟೆ ತುಂಬ ಉಂಡಳು. ಕೇಳಿದ್ದು ಬರೀ ಹೆಸರು, ಇನಿಷಿಯಲ್ ಅಲ್ಲ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದೆ. ಅವಳು, “ಆ ಹೆಸ್ರು ಎಷ್ಟ್ ಜನಕ್ಕಿರ್ತೈತೆ,” ಎಂದಳು. ಇಬ್ಬರಿಗೂ ಅದೇ ಯೋಚನೆ.

ಭಾನುವಾರ, ಸೋಮವಾರ ನಾನು ಬೆಳಿಗ್ಗೆ ಹರಿಹರಕ್ಕೆ ಹೋಗಿ ಸಂಜೆ ಬರುತ್ತಿದ್ದೆ. ಆ ಪಟ್ಟಿ ಮತ್ತೆ ಓದಲಿಲ್ಲ. ರೇಡಿಯೊದಲ್ಲಿ ಹಾಡುಗಳು ಶುರುವಾಗಿದ್ದವು. ಅರ್ಧ ತಾಸಿನ ನಿಯಮವನ್ನು ಮಾವನೂ ಪಾಲಿಸುತ್ತಿದ್ದರು. ಮಂಗಳವಾರ ನಾನು ಹೋದಾಗ ಅವರು ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

“ಫೋನ್ ಬಂದಿತ್ತು,” ಎಂದರು.

ಅಕ್ಕ ದಾವಣಗೆರೆಗೆ ಎರಡು ದಿನ ಹಚ್ಚಿ ಸಿಗದೆ ಹರಿಹರಕ್ಕೆ ಹಚ್ಚಿದ್ದಳು. ಚಂಡಮಾರುತದ ಹಿಂದಿನ ದಿನವೇ ಅವಳನ್ನು ಒಳನಾಡಿನ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ಕಳಿಸಿದ್ದರು. ರಸ್ತೆ ಮುಚ್ಚಿಹೋಗಿ ಐದಾರು ದಿನ ಅಲ್ಲೇ ಸಿಕ್ಕಿಕೊಂಡು, ಆಮೇಲೆ ಶಾಲೆಗೆ ಹೋಗಿ ಜೊತೆಯವರನ್ನು ಕಂಡು, ಫೋನಿರುವ ಊರಿಗೆ ಬಂದಿದ್ದಳು. ಕಾಲಿಗೆ ಸ್ವಲ್ಪ ಪೆಟ್ಟು ಬಿಟ್ಟರೆ ಏನೂ ಆಗಿಲ್ಲ. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆಮೇಲೆ ಕೇಳಿದೆ.

“ಏನಂದ್ರಿ ಮಾವಾ ಆಕಿಗೆ?”

“ಲೈನು ಚಲೋ ಇತ್ತು. ಮಾತು ಸ್ಪಷ್ಟ ಕೇಳ್ತಿತ್ತು,” ಎಂದರು. ಅದಕ್ಕಿಂತ ಹೆಚ್ಚು ಅವರು ಎಂದೂ ಹೇಳಲಿಲ್ಲ. ಅಕ್ಕನೂ ಹೇಳಿಲ್ಲ.

ಶಾಲೆಯಲ್ಲಿ ಕ್ಷೇಮವಾಗಿದ್ದಾಳೆಂದು ರೇಡಿಯೊ ಓದಿದ್ದು ಬೇರೊಬ್ಬಳನ್ನು. ಅದೇ ಹೆಸರಿನ, ಕೇರಳದ ಕಡೆಯ ನರ್ಸ್. ಆಸ್ಪತ್ರೆ ಕುಸಿದು ತೀರಿಹೋದ ಇಬ್ಬರು ನರ್ಸ್‌ಗಳೂ ಆ ದೇಶದವರೇ. ಅಕ್ಕನೇ ಇದನ್ನು ಮಾವನಿಗೆ ಹೇಳಿದ್ದಳು. ಆ ಹುಡುಗಿಯ ಮನೆಯವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಶಾಲೆಯಿಂದ ಫೋನ್ ಮಾಡಲು ಅವಳಿಗೆ ದಾರಿ ಇಲ್ಲ, ನಿಮ್ಮಿಂದಾದರೆ ತಿಳಿಸಿ ಎಂದೂ ಹೇಳಿ, ಲೈನು ಕಡಿಯುವ ಮೊದಲು ನಂಬರ್ ಬರೆಸಿದ್ದಳು. ಮಾವ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದರು.

ನನಗೆ ಆಗ ಆದ ಸಂಕಟ ಬೇರೆ ಥರದ್ದು. ಮೂರು ದಿನ ನಾವು ಬೇರೆಯವರ ಸುದ್ದಿಯನ್ನು ಹಿಡಿದಿಟ್ಟುಕೊಂಡಿದ್ದೆವು. ಅಲ್ಲಿಯೂ ಒಬ್ಬ ತಾಯಿ ಫೋನಿನ ಮುಂದೆ ಕೂತಿರಬಹುದು.

ಅಲ್ಲಿಂದಲೇ ಹಚ್ಚಿದೆ. ಎರಡನೇ ಸಲಕ್ಕೆ ರಿಂಗಾಯಿತು. ಒಂದೇ ರಿಂಗಿಗೆ ಯಾರೋ ಎತ್ತಿಕೊಂಡರು, ಹೆಂಗಸಿನ ದನಿ. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಮಲಯಾಳಂ ಬರುತ್ತಿರಲಿಲ್ಲ, ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ. ನಾನು ದ್ವೀಪದ ಹೆಸರು ಹೇಳಿದೆ. ಆ ಹುಡುಗಿಯ ಹೆಸರು ಹೇಳಿದೆ, ಸೇಫ್ ಎಂದೆ, ಸ್ಕೂಲ್ ಎಂದೆ, ರೇಡಿಯೊ ಎಂದೆ. ಸೇಫ್ ಎಂಬುದನ್ನು ನಾಲ್ಕೈದು ಸಲ ಹೇಳಿರಬೇಕು. ಅವರು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದರು. ಕೊನೆಗೆ ನನಗೆ ಅರ್ಥವಾಯಿತು, ನೀವು ಯಾರು ಎಂದು ಕೇಳುತ್ತಿದ್ದರು. ನನ್ನ ಅಕ್ಕನೂ ಅಲ್ಲೇ ನರ್ಸ್ ಎಂದೆ. ಅವರು ಅಕ್ಕನ ಹೆಸರು ಕೇಳಿದರು. ಹೇಳಿದಾಗ, ಅದು ತಮ್ಮ ಮಗಳ ಹೆಸರೇ ಆದ್ದರಿಂದ, ಅವರಿಗೆ ಮತ್ತೆ ಗಾಬರಿಯಾಯಿತು. ಇಬ್ಬರು, ಇಬ್ಬರೂ ಸೇಫ್ ಎಂದು ಬಿಡಿಸಿ ಹೇಳಬೇಕಾಯಿತು. ಆಗ ಅವರು ಅಳುವುದು ಕೇಳಿಸಿತು, ಹಿಂದೆ ಇನ್ನೂ ಯಾರು ಯಾರೋ ಮಾತಾಡುವುದು ಕೇಳಿಸಿತು.

ಮಾವ ಎದುರಿಗೆ ನಿಂತು ಕೇಳುತ್ತಿದ್ದರು. ನಾನು ಫೋನ್ ಇಟ್ಟ ಮೇಲೆ, “ತಿಳೀತಾ ಅವ್ರಿಗೆ?” ಎಂದು ಕೇಳಿದರು.

“ತಿಳೀತು ಮಾವಾ.”

“ಹಂಗಾದ್ರೆ ನಡಿ, ನಿಮ್ಮವ್ವಗೆ ನಾನೇ ಹೇಳ್ತೀನಿ,” ಎಂದು ಅಂಗಡಿಗೆ ಬೀಗ ಹಾಕಿದರು. ಬಸ್‌ಸ್ಟ್ಯಾಂಡಿನ ತನಕ ಅವರು ನನಗಿಂತ ಮುಂದೆ ಮುಂದೆ ನಡೆದರು.